ಅಡ್ಡಗೆರೆ ಕಾಣದ ಕಣ್ಣು

ಬನಹಟ್ಟಿಯ ನೇಕಾರರ ಓಣಿಯಲ್ಲಿ ಗಂಡ ಹೆಂಡತಿ ಜಗಳವಾಡಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಕೇಳುವುದೆಲ್ಲಿಂದ ಬಂತು? ಮನೆಯೊಳಗೇ ವಿದ್ಯುತ್ ಮಗ್ಗಗಳು ಬೆಳಗಿನಿಂದ ಕಟಕಟ ಬಡಿದುಕೊಳ್ಳುವಾಗ ಎದುರಿಗೆ ನಿಂತವರ ಕೂಗೂ ಕಿವಿ ಮುಟ್ಟದು. ಅದಕ್ಕೇ ಅಲ್ಲಿಯ ಜನ ಬೇರೊಂದು ಮಾತು ಕಲಿತಿದ್ದಾರೆ. ದನಿಯಿಲ್ಲದೆ, ತುಟಿಯನ್ನಷ್ಟೇ ಹಿಗ್ಗಿಸಿ, ಕುಗ್ಗಿಸಿ, ಸೊಟ್ಟ ಮಾಡಿ ಆಡುವ ಮಾತು. ಬೈಗುಳವೂ ಅದರಲ್ಲೇ, ಚೇಷ್ಟೆಯೂ ಅದರಲ್ಲೇ. ಕಾಶವ್ವ ಈ ಮಾತಿನಲ್ಲಿ ಎಂಥ ಗಟ್ಟಿಗಿತ್ತಿ ಎಂದರೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ತುಟಿ ಅಲ್ಲಾಡಿಸಿದರೆ ಸಾಕು, ಮಗ್ಗಗಳ ಆಚೆ ತುದಿಯಲ್ಲಿದ್ದ ಗಂಡ ದುಂಡಪ್ಪ ನಗು ತಡೆಯಲಾರದೆ ಮಗ್ಗ ನಿಲ್ಲಿಸಬೇಕಾಗುತ್ತಿತ್ತು.

ದುಂಡಪ್ಪನ ಎಡಗಣ್ಣನ್ನು ಹರೆಯದಲ್ಲೇ ಮಗ್ಗದಿಂದ ಚಿಮ್ಮಿ ಬಂದ ಲಾಳಿಯೊಂದು ತೆಗೆದಿತ್ತು. ಆಮೇಲೆ ಮಗ್ಗದ ಸದ್ದು ನಿಧಾನಕ್ಕೆ ಎರಡೂ ಕಿವಿಗಳನ್ನು ತಿಂದು ಹಾಕಿತು. ಪುಣ್ಯಾತ್ಮ ಅದಕ್ಕೂ ಕೊರಗಲಿಲ್ಲ. "ಕಾಶಿ ತುಟಿ ಕಾಣತಾವಲ್ಲ, ಮತ್ತ ಕಿವಿ ಯಾತಕ್ಕ ಬೇಕು?" ಎಂದು ಕೇಳಿದವರ ಬಾಯಿ ಮುಚ್ಚಿಸುತ್ತಿದ್ದ. ಆದರೆ ಉಳಿದ ಒಂದು ಬಲಗಣ್ಣಿಗೂ ಪೊರೆ ಬಂದಾಗ ಅವನ ನಗು ನಿಂತಿತು. ಎಳೆ ಕಾಣದವನನ್ನು ಮಗ್ಗದಿಂದ ಇಳಿಸಿ, ಮಗ್ಗಗಳನ್ನು ಕೂಲಿಯವರ ಕೈಗೆ ಕೊಟ್ಟು, ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂರಿಸಿದರು. ಅದನ್ನಾದರೂ ಸಹಿಸಿಕೊಂಡಾನು. ಹೆಂಡತಿಯ ತುಟಿಗಳು ಮಂಜಿನಲ್ಲಿ ಮುಳುಗಿ ಹೋದದ್ದನ್ನು ಅವನಿಂದ ಸಹಿಸಲಾಗಲಿಲ್ಲ. ಮನೆಯಲ್ಲಿ ಮಾತೇ ಇಲ್ಲದಂತಾಯಿತು.

ಅವರ ಒಬ್ಬಳೇ ಮಗಳು ದಾನೇಶ್ವರಿ ಆಗ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕಣ್ಣಿನ ಮಸೂರಗಳನ್ನೇ ಮಾಡುತ್ತಿದ್ದಳು. ಊರವರಿಗೆ ಅದಕ್ಕಿಂತ ದೊಡ್ಡ ಸಮಾಧಾನ ಇನ್ನೇನು ಬೇಕು? "ಮಗಳಽ ಕಣ್ಣಿನ ಡಾಕ್ಟರ್ ಇದ್ದಾಳ, ನಿನಗೇನ್ ಚಿಂತಿ ಬಿಡೋ ದುಂಡಣ್ಣ" ಎಂದು ಹರಸಿ ಧಾರವಾಡಕ್ಕೆ ಕಳಿಸಿದರು. ದಾನೇಶ್ವರಿ ಡಾಕ್ಟರಲ್ಲ, ಎಂಜಿನಿಯರು. ಓಣಿಯವರಿಗೆ ಎರಡೂ ಒಂದೇ.

ದುಂಡಪ್ಪನ ಕಣ್ಣಿಗೆ ಪೊರೆಯ ಜೊತೆ ಇನ್ನೊಂದು ತೊಂದರೆಯೂ ಇತ್ತು. ಕಣ್ಣಿನ ಮುಂಭಾಗದ ಗಾಜಿನಂಥ ಕವಚ, ಅದೇ ಕಾರ್ನಿಯಾ, ಚೆಂಡಿನಂತೆ ದುಂಡಗಿರಬೇಕು. ಇವನದು ಮೊಟ್ಟೆಯಂತೆ ಒಂದು ದಿಕ್ಕಿಗೆ ಹೆಚ್ಚು ಬಾಗಿತ್ತು. ಹಾಗಾದಾಗ ನೆಟ್ಟನೆಯ ಗೆರೆ ತಿಳಿಯಾದರೆ ಅಡ್ಡಗೆರೆ ಮಸುಕು, ಅಡ್ಡಗೆರೆ ತಿಳಿಯಾದರೆ ನೆಟ್ಟಗೆರೆ ಮಸುಕು. ಅಸ್ಟಿಗ್ಮ್ಯಾಟಿಸಂ ಎನ್ನುತ್ತಾರೆ. ಹಿಂದಿನಿಂದಲೂ ಇದಕ್ಕೆ ಉಪಾಯವಿದೆ. ಪೊರೆ ತೆಗೆದ ಜಾಗದಲ್ಲಿ, ಆ ಡೊಂಕಿಗೆ ಎದುರಾಗಿ ಬಾಗಿಸಿದ ಮಸೂರವನ್ನು ಕೂರಿಸುವುದು. ರೋಗಿಯನ್ನು ನೆಟ್ಟಗೆ ಕೂರಿಸಿ ಕಣ್ಣಿನ ಮೇಲೆ ಶಾಯಿಯ ಗುರುತಿಟ್ಟು, ಆಮೇಲೆ ಮಲಗಿಸಿ, ಗುರುತಿಗೆ ಸರಿಯಾಗಿ ಮಸೂರವನ್ನು ತಿರುಗಿಸಿ ಇಡಬೇಕು. ಮಸೂರ ಒಂದಿಷ್ಟು ಜಾರಿದರೂ ಫಲ ಕಡಿಮೆ. ಹೆಚ್ಚು ಜಾರಿದರೆ ಇಟ್ಟೂ ಇಡದಂತೆ.

ಹಾಗಾದರೆ ಮಸೂರವೇ ತನ್ನ ಜಾಗವನ್ನು ತಾನೇ ಕಲಿತುಕೊಂಡರೆ? ದಾನೇಶ್ವರಿಯ ತಲೆಗೆ ಹೊಕ್ಕಿದ್ದು ಈ ಪ್ರಶ್ನೆ. ಅವಳು ಮಾಡಿದ ಕಲಿಮಸೂರ ಲೋಳೆಯಂಥ ಮೆತ್ತನೆಯ ವಸ್ತು. ರೆಪ್ಪೆ ಬಡಿದಾಗ ಹುಟ್ಟುವ ಚೂರು ಶಕ್ತಿಯಲ್ಲೇ ಅದರ ಬದುಕು. ಕಣ್ಣಿನೊಳಗೆ ಕೂತು, ತನ್ನ ಮೂಲಕ ಹಾಯುವ ಚಿತ್ರದಲ್ಲಿ ಯಾವ ಗೆರೆ ತಿಳಿ, ಯಾವುದು ಮಸುಕು ಎಂದು ನೋಡುತ್ತ, ಅದಕ್ಕೆ ತಕ್ಕಂತೆ ತನ್ನ ಬಾಗನ್ನು ತಿದ್ದಿಕೊಳ್ಳುತ್ತದೆ. ಮೂರು ವಾರ ಪಾಠ. ಆ ಅವಧಿಯಲ್ಲಿ ಮುಖ, ಮರ, ಅಕ್ಷರ, ಆಕಾಶ, ಎಲ್ಲವನ್ನೂ ನೋಡಬೇಕು. ಹೆಚ್ಚು ನೋಡಿದ್ದು ಬೇಕಾದದ್ದು, ಮಿಟುಕಿ ಮಿಟುಕಿ ಕಾಡುವುದು ಬೇಡದ ಗದ್ದಲ ಎಂದು ಮಸೂರ ತಿಳಿಯುತ್ತದೆ. ಕೊನೆಗೆ ಪ್ರಯೋಗಾಲಯದಿಂದ ಒಂದು ಸಂಕೇತ ಕಳಿಸಿ ಪಾಠ ಮುಚ್ಚುತ್ತಾರೆ. ಅಲ್ಲಿಂದ ಮುಂದೆ ಬದುಕಿಡೀ ಅದು ಕಲಿತದ್ದನ್ನೇ ಸಾಧಿಸುತ್ತದೆ. ಮುಚ್ಚಿದ ಪಾಠವನ್ನು ಮತ್ತೆ ತೆರೆಯಲು ಬಾರದು. ಹೀಗೆಂದು ಹಟ ಹಿಡಿದವಳೂ ದಾನೇಶ್ವರಿಯೇ. "ಇನ್ನೊಬ್ಬರ ಕಣ್ಣಿಗೆ ನಾಳೆ ಯಾರೂ ಹೊರಗಿನಿಂದ ಕೈ ಹಾಕುವಂತಾಗಬಾರದು" ಎಂದು ಸಭೆಯಲ್ಲಿ ವಾದಿಸಿ ಗೆದ್ದಿದ್ದಳು. ತಪ್ಪು ಮಾತೇನಲ್ಲ.

ಶಸ್ತ್ರಚಿಕಿತ್ಸೆ ಮಾಡಬೇಕಾದ ಡಾಕ್ಟರ್ ಶಶಾಂಕ ಕುಂದರ್ ಮಲ್ಪೆಯ ಕಡೆಯವನು, ಅಳೆದು ತೂಗಿ ಮಾತಾಡುವ ಮನುಷ್ಯ. "ಒಂದೇ ಕಣ್ಣು ಮಾರಾಯ್ರೆ. ಹಳೇ ಮಸೂರವೇ ಇಡುವ. ಉಳಿದದ್ದಕ್ಕೆ ಕನ್ನಡಕ ಉಂಟಲ್ಲ" ಅಂದ.

"ಮಗ್ಗದ ಮನೆಯ ಧೂಳು, ಬೆವರು ನೀವು ನೋಡಿಲ್ಲ ಡಾಕ್ಟ್ರೇ. ಅಲ್ಲಿ ಕನ್ನಡಕ ಒಂದು ಗಳಿಗೆ ನಿಲ್ಲಲ್ಲ. ನಮ್ಮಪ್ಪ ಬಾಗಿಲಲ್ಲಿ ನಿಂತ ಅವ್ವನ ತುಟೀನೂ ಓದಬೇಕು, ಕೈಯಳತೆಯ ಎಳೇನೂ ನೋಡಬೇಕು. ಇದನ್ನ ನಾನು ಮಾಡಿದ್ದೇ ಅವನಂಥವರಿಗೆ" ಅಂದಳು ದಾನೇಶ್ವರಿ.

ಒಳಗೊಳಗೇ ಇನ್ನೊಂದು ಆಸೆಯೂ ಇತ್ತು. ತಾನು ಮಾಡಿದ್ದು ಮೊದಲು ತನ್ನಪ್ಪನ ಕಣ್ಣಲ್ಲಿ ಬೆಳಗಲಿ ಎಂಬ ಆಸೆ. ಯಾವ ಮಗಳಿಗೆ ಇರುವುದಿಲ್ಲ ಹೇಳಿ?

ಕಣ್ಣಿನ ಪಟ್ಟಿ ಬಿಚ್ಚಿದ ದಿನ ದುಂಡಪ್ಪ ಮೊದಲು ನೋಡಿದ್ದು ಹೆಂಡತಿಯನ್ನು. ಕಾಶವ್ವ ದನಿಯಿಲ್ಲದೆ ಕೇಳಿದಳು, "ಕಾಣತೈತೇನು?" ಅವನು ಕಿವುಡರ ದೊಡ್ಡ ದನಿಯಲ್ಲಿ, "ಕಾಣತೈತಿ! ಹಲ್ಲು ಯಾವಾಗ ಬಿತ್ತು ನಿಂದು?" ಎಂದು ಆಸ್ಪತ್ರೆಗೇ ಕೇಳುವಂತೆ ಕೂಗಿದ. ಕಾಶವ್ವ ನಕ್ಕು, ಕೂಡಲೇ ಅತ್ತಳು.

ಊರಿಗೆ ಹೋದ ಮೊದಲ ವಾರ ಗಂಡ ಹೆಂಡತಿ ಮಾತಾಡಿದ್ದೇ ಮಾತಾಡಿದ್ದು. ಎರಡನೆಯ ವಾರ ದುಂಡಪ್ಪ ಸುಮ್ಮನೆ ಒಮ್ಮೆ ಮಗ್ಗದ ಮುಂದೆ ನಿಂತ. ಹಾಸಿನ ಎಳೆಗಳು ಒಂದೊಂದಾಗಿ, ತನ್ನ ಎದೆಯಿಂದ ಹೊರಟು ಆಚೆ ತುದಿಯವರೆಗೆ ನೆಟ್ಟಗೆ ಹರಿದು ಹೋಗಿದ್ದವು. ಅಯ್ಯಪ್ಪಾ, ಎಷ್ಟು ವರ್ಷವಾಗಿತ್ತು! ಕಂಡಿಕೆ ಸುತ್ತುವ ರಾಟೆಯನ್ನು ಮೂಲೆಗೆ ಒದ್ದು, ಗುಂಡಿ ಒತ್ತಿ ಮಗ್ಗ ಶುರು ಮಾಡಿದ. ಹಬ್ಬದ ಅಂಗಿ ತೊಟ್ಟ ಹುಡುಗನಂತೆ, ಊಟಕ್ಕೆ ಕರೆದರೂ ಮಗ್ಗ ಬಿಟ್ಟು ಏಳದಾದ. ದಿನಾಲೂ ಎದುರು ಬದುರು ಕೂತು ಮಾತಾಡಬೇಕೆಂದು ಮಗಳು ಹೇಳಿ ಕಳಿಸಿದ್ದು ಕಾಶವ್ವನಿಗೆ ನೆನಪಿತ್ತು. ಆದರೆ ಅವನ ಮುಖದ ಮೇಲಿನ ಆ ಹಿಗ್ಗು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. 'ಆಡ್ಲಿ ಬಿಡು. ಮಾತಾಡಾಕ ಇನ್ನ ಜೀವನಪೂರ್ತಿ ಐತಿ' ಅಂದುಕೊಂಡಳು.

ಇತ್ತ ಧಾರವಾಡದಲ್ಲಿ, ಮಸೂರ ಕಳಿಸುವ ಲೆಕ್ಕವನ್ನು ದೊಡ್ಡ ಪರದೆಯ ಮೇಲೆ ನೋಡುವ ಕೋಣೆಯೊಂದಿತ್ತು. ಕಣ್ಣು ಏನು ನೋಡಿತು ಎಂಬುದು ಅಲ್ಲಿ ಕಾಣುವುದಿಲ್ಲ. ಅದು ಅವರವರ ಗುಟ್ಟು. ಎಷ್ಟು ತಿಳಿಯಾಗಿ ನೋಡಿತು ಎಂಬ ಅಂಕ ಮಾತ್ರ ಕಾಣುತ್ತದೆ. ದುಂಡಪ್ಪನ ಅಂಕ ದಿನದಿಂದ ದಿನಕ್ಕೆ ಏರಿ, ಆವರೆಗೆ ಕಲಿಮಸೂರ ಕೂರಿಸಿದ ಬೇರೆ ಯಾವ ಕಣ್ಣೂ ಮುಟ್ಟದ ಎತ್ತರಕ್ಕೆ ಹೋಗಿ ಕೂತಿತು.

"ನೋಡಿ ಡಾಕ್ಟ್ರೇ, ನಮ್ಮಪ್ಪ!" ಅಂದಳು ದಾನೇಶ್ವರಿ.

ಕುಂದರ್ ಹುಬ್ಬು ಗಂಟಿಕ್ಕಿದ. "ಇಷ್ಟು ಬೇಗ ಇಷ್ಟು ಒಳ್ಳೇದು ಯಾಕಾಯ್ತು? ಮನೆಗೊಂದು ಫೋನ್ ಮಾಡಿ ಕೇಳಿ ಮೇಡಂ."

ಅವಳು ಅಲ್ಲಿಂದಲೇ ಫೋನ್ ಮಾಡಿದಳು. ಕಾಶವ್ವ ಫೋನೆತ್ತಿದ ಕೂಡಲೇ ಕೋಣೆಯ ತುಂಬ ಕಟಕಟ, ಕಟಕಟ. ಕುಂದರ್ ಬೆಚ್ಚಿ, "ಎಂತ ಸದ್ದು ಅದು?" ಅಂದ. ದಾನೇಶ್ವರಿಗೆ ನಗು ಬಂತು. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಆ ಸದ್ದು ಸದ್ದೇ ಅಲ್ಲ. ಅದು ನಿಂತರೆ ಮಾತ್ರ ಕೇಳಿಸುತ್ತದೆ. ಕರೆಂಟು ಹೋದರೆ ನಿಲ್ಲುತ್ತದೆ, ಮನೆಯಲ್ಲಿ ಸಾವಾದರೆ ನಿಲ್ಲುತ್ತದೆ. ಬಡಿಯುತ್ತಿದೆ ಎಂದರೆ ಎಲ್ಲ ಕ್ಷೇಮ ಎಂದೇ ಅರ್ಥ. "ಏನಿಲ್ಲ, ಅದು ನಮ್ಮನೆ ಉಸಿರು" ಅಂದು, ಫೋನಿಗೆ ಬಾಯಿ ಹಚ್ಚಿ, "ಅವ್ವಾ, ಅಪ್ಪ ಹೆಂಗದಾನ?" ಎಂದು ಕೂಗಿದಳು.

"ಭಾಳ ಖುಷಿ ಅದಾನವ್ವಾ! ನಿನ್ನ ಹೆಸರ ಹೇಳಿ ದೀಪಾ ಹಚ್ಚೂದೊಂದು ಬಾಕಿ ಐತಿ!"

ಮಗ್ಗ ಯಾರು ನಡೆಸುತ್ತಿದ್ದಾರೆ ಎಂದು ಅವಳು ಕೇಳಲಿಲ್ಲ. ಬೇರೆ ಊರಿನ ಯಾವ ಹೆಣ್ಣುಮಗಳಾದರೂ ಆ ಸದ್ದೇನೆಂದು ಕೇಳುತ್ತಿದ್ದಳು. ಕೇಳಿದ್ದರೆ ಗೊತ್ತಾಗುತ್ತಿತ್ತು. ನೇಕಾರರ ಮಗಳಾದದ್ದಕ್ಕೇ ಅವಳಿಗೆ ಕೇಳಬೇಕೆನಿಸಲಿಲ್ಲ.

ಮರುವಾರ ದೆಹಲಿಯಿಂದ ಪರಿಣತರ ತಂಡವೊಂದು ಬರುವುದಿತ್ತು. ಪಾಠ ಮುಚ್ಚಿದ, ಪೂರ್ಣಗೊಂಡ ಒಂದು ಕಣ್ಣಾದರೂ ತೋರಿಸಲು ಬೇಕು. ತಂಡ ಬರುವ ಹೊತ್ತಿಗೂ ದುಂಡಪ್ಪನ ಪಾಠದ ಕೆಲವು ದಿನ ಉಳಿಯುತ್ತಿದ್ದವು. "ಅವಧಿ ಮುಗಿಯಲಿ ಮೇಡಂ, ಗಡಿಬಿಡಿ ಬೇಡ" ಎಂದು ಕುಂದರ್ ಹೇಳಿಯೇ ಹೇಳಿದ. "ಇದಕ್ಕಿಂತ ಮೇಲೆ ಏರೋದಕ್ಕೆ ಇನ್ನೇನಿದೆ ಡಾಕ್ಟ್ರೇ?" ಎಂದು ದಾನೇಶ್ವರಿ ಪಾಠ ಮುಚ್ಚುವ ಸಂಕೇತ ಕಳಿಸಿಬಿಟ್ಟಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಾರನೆಯ ದಿನ ಕಾಶವ್ವ ಬಾಗಿಲಲ್ಲಿ ನಿಂತು ಗಂಡನನ್ನು ಊಟಕ್ಕೆ ಕರೆದಳು. ದುಂಡಪ್ಪ ತಿರುಗಿ ನೋಡಿದ. ನೋಡುತ್ತಲೇ ಇದ್ದ.

"ಯಾಕ ಸುಮ್ಮನ ನಿಂತಿ? ಏನರ ಅನ್ನು ಮತ್ತ."

ಚೇಷ್ಟೆ ಎಂದುಕೊಂಡು ಅವಳು ನಾಲ್ಕು ಬೈಗುಳ ಸೇರಿಸಿ ಇನ್ನೊಮ್ಮೆ ಕರೆದಳು. ಅವನು ಮಗ್ಗ ನಿಲ್ಲಿಸಿ, ಹತ್ತಿರ ಬಂದು, ಬೆರಳಿನಿಂದ ಅವಳ ತುಟಿ ಮುಟ್ಟಿದ. "ನೀ ಸುಮ್ಮನಿದ್ದಾಗ ತುಟಿ ಅಷ್ಟಿಷ್ಟು ಕಾಣತಾವ ಕಾಶಿ. ಮಾತಾಡಾಕ ಸುರು ಮಾಡಿದಿ ಅಂದ್ರ ಅಳಿಸೇ ಹೋಗ್ತಾವ. ನಿನ್ನ ಬಾಯಿ ಎಲ್ಲಿ ಹೋತು?"

ಸುದ್ದಿ ತಿಳಿದು ಓಡಿಬಂದ ದಾನೇಶ್ವರಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಪ್ಪ ಮಗ್ಗದ ಮುಂದೆ ಇದ್ದ. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಅವನ ಎದುರಿಗೆ ನೆಟ್ಟನೆಯ ಸಾವಿರ ಎಳೆ, ಅವುಗಳ ನಡುವೆ ನೂಲು ಕೂರಿಸಲು ಬಡಿದು ಬಡಿದು ಸರಿಯುವ ಅಡ್ಡ ಹಣಿಗೆ. ಮಸೂರ ಹಗಲೆಲ್ಲ ನೋಡಿದ್ದು ಇದನ್ನು. ನೆಟ್ಟಗೆರೆ ಬೇಕು, ಮಿಟುಕುವ ಅಡ್ಡಗೆರೆ ಗದ್ದಲ, ಒರೆಸಿ ಹಾಕಬೇಕು ಎಂದು ಅದು ಒಳ್ಳೆಯ ವಿದ್ಯಾರ್ಥಿಯಂತೆ ಕಲಿತಿತ್ತು, ಪಾಠ ಮುಚ್ಚಿದ ಮೇಲೆ ಅದನ್ನೇ ಪೂರ್ತಿ ಸಾಧಿಸತೊಡಗಿತ್ತು. ಮಾತಾಡುವ ತುಟಿ ಎಂದರೆ ಮತ್ತೇನು? ಮಿಟುಕುವ ಅಡ್ಡಗೆರೆ.

ಕುಂದರ್ ಕನ್ನಡಕ ಮಾಡಿಸಿ ಕೊಟ್ಟ. ಹಾಕಿಕೊಂಡ ಕೂಡಲೇ ತುಟಿಗಳು ಮರಳಿ ಬಂದವು. ಎರಡು ದಿನ ಕಾಶವ್ವ ಒಲೆ ಹಚ್ಚುವುದನ್ನೂ ಮರೆತು ಮಾತಾಡಿದಳು. ಮೂರನೆಯ ದಿನ ಮಸೂರ ಕನ್ನಡಕವನ್ನು ಸೋಲಿಸಿತು. ಗದ್ದಲ ಮತ್ತೆ ಒಳಗೆ ಬಂದಿದೆಯೆಂದು ತಿಳಿದು, ತನ್ನನ್ನು ಇನ್ನಷ್ಟು ಬಾಗಿಸಿಕೊಂಡು, ತುಟಿಗಳನ್ನು ಮತ್ತೆ ಒರೆಸಿತು. ಬೇರೆ ಕನ್ನಡಕ ಕೊಟ್ಟರು. ಅದಕ್ಕೂ ಅದೇ ಗತಿ.

ಮಾತನ್ನು ಅಕ್ಷರ ಮಾಡಿ ತೋರಿಸುವ ಫೋನೊಂದನ್ನು ದಾನೇಶ್ವರಿ ತಂದುಕೊಟ್ಟಳು. ದುಂಡಪ್ಪ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ಫೋನನ್ನು ಕೆಳಗಿಟ್ಟ. "ಇದ್ಯಾರ ಮಾತವ್ವಾ? ವಾರ್ತಾ ಓದೋರ ಮಾತು. ನಿಮ್ಮವ್ವ ನನ್ನ ಎಂದರ 'ದಯವಿಟ್ಟು ಬನ್ನಿ' ಅಂದಾಳೇನು?"

"ಮಸೂರ ತೆಗೆದು ಬೇರೆ ಇಡೋಣ" ಅಂದಳು ದಾನೇಶ್ವರಿ ಕುಂದರ್‌ಗೆ. ಅವನು ಒಪ್ಪಲಿಲ್ಲ. ಜಾರಬಾರದೆಂದು ಕಣ್ಣಿನ ಒಳಚೀಲಕ್ಕೆ ಬೆಸೆದುಕೊಳ್ಳುವಂತೆ ಮಾಡಿದ ಮಸೂರವದು. ಕಿತ್ತರೆ ಚೀಲವೂ ಹರಿದು, ಇದ್ದ ನೋಟವೂ ಹೋದೀತು.

"ಇನ್ನೊಂದು ಕಣ್ಣಿದ್ದಿದ್ರೆ ನಾನೇ ಕೈ ಹಾಕ್ತಿದ್ದೆ. ನಿಮ್ಮ ಅಪ್ಪ ಹೇಳಲಿ."

ಅಪ್ಪನಿಗೆ ಕೈಸನ್ನೆ ಮಾಡಿ, ಕಣ್ಣಿನ ಚಿತ್ರ ಬರೆದು, ಹೇಗೋ ತಿಳಿಸಿದರು. ಅವನು ಕಾಶವ್ವನ ಕಡೆ ನೋಡಿದ. "ಬ್ಯಾಡ. ಕಾಶಿ ಮಾತಷ್ಟ ಹೋಗೇತಿ. ಇದೂ ಹೋದ್ರ ಕಾಶೀನ ಹೋಗ್ತಾಳ."

ದಾನೇಶ್ವರಿ ಧಾರವಾಡಕ್ಕೆ ಮರಳಿ, ಮೊದಲು ಉಳಿದ ರೋಗಿಗಳ ಪಾಠಗಳನ್ನು ಮುಚ್ಚದಂತೆ ತಡೆದಳು. ಕಲಿಮಸೂರದ ಕೆಲಸ ನಿಂತಿತು. ಊರಿಗೆ ಹೋಗಲು ಮಾತ್ರ ಕಾಲು ಏಳಲಿಲ್ಲ. ತಾನು ಅವಧಿಗೆ ಮೊದಲೇ ಪಾಠ ಮುಚ್ಚಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ, ಯಾರಾದರೂ ಗಮನಿಸಿ ಅಪ್ಪನನ್ನು ಮಗ್ಗದಿಂದ ಎಬ್ಬಿಸಿ ಅವ್ವನ ಮುಂದೆ ಕೂರಿಸಿದ್ದರೆ, ಮಸೂರ ಕಲಿತದ್ದನ್ನು ಮರೆತು ಹೊಸದು ಕಲಿಯುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅನ್ನ ಇಳಿಯದೆ, ಕೆಲಸ ಸಾಗದೆ, ಕೊನೆಗೊಂದು ದಿನ ಬಸ್ಸು ಹತ್ತಿದಳು.

ಮನೆಯೊಳಗೆ ಕಾಲಿಟ್ಟಾಗ ಕಾಶವ್ವ ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದಳು. ದುಂಡಪ್ಪ ಎದುರಿಗೆ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವ್ವನಿಗೆ ಏನಾಯಿತೆಂದು ದಾನೇಶ್ವರಿ ಚೀಲ ಅಲ್ಲೇ ಬಿಟ್ಟು ಧಾವಿಸಿದಳು. ಅಷ್ಟರಲ್ಲಿ ಅಪ್ಪ ಗಹಗಹಿಸಿ ನಕ್ಕ. ಅವ್ವನ ತುಟಿಗಳು ಆಡುತ್ತಿದ್ದವು, ಅಪ್ಪ ಓದುತ್ತಿದ್ದ!

ಮಲಗಿದವಳ ಬಾಯಿ ಅಡ್ಡಗೆರೆಯಲ್ಲ, ನೆಟ್ಟಗೆರೆ. ಎಂಜಿನಿಯರ್ ಮಗಳಿಗೆ ಇದು ಹೊಳೆದಿರಲಿಲ್ಲ. ಅಪ್ಪ ಅವ್ವನಿಗೂ ಹೊಳೆದದ್ದಲ್ಲ, ತಾನಾಗಿ ಆದದ್ದು. ಒಂದು ದಿನ ಸೊಂಟ ನೋವೆಂದು ಮಲಗಿದ್ದ ಕಾಶವ್ವ, ಹೇಗೂ ಯಾರಿಗೂ ತಿಳಿಯುವುದಿಲ್ಲವೆಂದು, ಮಸೂರಕ್ಕೂ ಅದನ್ನು ಮಾಡಿದ ಮಗಳಿಗೂ ಬಾಯಿಗೆ ಬಂದಂತೆ ಶಾಪ ಹಾಕುತ್ತಿದ್ದಳಂತೆ. ಮೂಲೆಯಲ್ಲಿ ಕೂತಿದ್ದ ದುಂಡಪ್ಪ, "ಆಕಿಗ್ಯಾಕ ಬೈತಿ ಬಿಡ, ನಮ್ಮ ಕೂಸದು" ಅಂದನಂತೆ.

ಮಗಳನ್ನು ಕಂಡು ಕಾಶವ್ವ ಸೊಂಟ ಹಿಡಿದುಕೊಂಡು ಎದ್ದಳು. "ನಿಮ್ಮಪ್ಪ ಮಲಕೊಂಡು ನನ್ನ ಕುಂಡ್ರಿಸಿದ್ರೂ ನಡೀತಿತ್ತವ್ವಾ. ಆದ್ರ ಅವರ ಕುತಗಿ ಮಗ್ಗದ ಮುಂದ ಬಗ್ಗಿ ಬಗ್ಗಿ ಕೆಟ್ಟೈತಿ. ಮಗ್ಗುಲಾದ್ರ ತಲಿ ತಿರಗತೈತಿ. ಹಿಂಗಾಗಿ ನಾನ ಬೀಳತೀನಿ, ನಾನ ಏಳತೀನಿ. ಈ ಸೊಂಟಕ್ಕ ದಿನಾ ಎಷ್ಟ ಸರತಿ ಆಗತೈತಿ? ಮಾತ ಕೂಡಿಟ್ಟು ಕೂಡಿಟ್ಟು, ಒಂದ ಸಲಾ ಮಲಕೊಂಡು ಆಡಿ ಮುಗಸತೀನಿ."

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ದಾನೇಶ್ವರಿ ತಡೆದುಕೊಳ್ಳುತ್ತಿದ್ದಳೇನೋ.

ದಾನೇಶ್ವರಿ ಚಪ್ಪಲಿ ಬಿಟ್ಟು ಮಂಚದ ಮೇಲೆ ಮಗ್ಗುಲಾದಳು. ಕೆನ್ನೆಯ ಕೆಳಗಿನ ದಿಂಬು ಇನ್ನೂ ಬೆಚ್ಚಗಿತ್ತು. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಅವಳ ಬಾಯನ್ನೇ ನೋಡುತ್ತ ಕಾದ.

"ಅಪ್ಪಾ, ದಿನಾ ಇನ್ನೂ ಬಾಕಿ ಇದ್ದೂವು. ಡಾಕ್ಟ್ರು ತಡೀರಿ ಅಂದ್ರು. ನಾನು ಕೇಳಲಿಲ್ಲ. ಬಂದವರಿಗೆ ನಿನ್ನ ಕಣ್ಣು ತೋರಿಸಿ ಹೌದನಿಸಿಕೋಬೇಕಂತ ಅವಸರಾ ಮಾಡಿದೆ. ನಾನಽ ಮುಚ್ಚಿದೆ ಅಪ್ಪಾ."

ಕಣ್ಣೀರು ಮೂಗಿನ ಮೇಲಿಂದ ಅಡ್ಡ ಹರಿದು ದಿಂಬಿಗೆ ಇಳಿಯಿತು. ದುಂಡಪ್ಪ ಒರೆಸಲು ಬಟ್ಟೆ ಸಿಗದೆ ಅತ್ತಿತ್ತ ನೋಡಿ, ತನ್ನ ಧೋತರದ ಚುಂಗಿನಿಂದ ಅವಳ ಮುಖ ಒರೆಸಿದ. ಬೈಯಲಿಲ್ಲ. ಆದದ್ದಾಯಿತು ಅನ್ನಲಿಲ್ಲ, ಇರಲಿ ಬಿಡು ಎಂದೂ ಅನ್ನಲಿಲ್ಲ.

"ತಿಳೀತು" ಅಂದ. ಚುಂಗನ್ನು ಕೊಡವಿ, "ಇನ್ನ ಏಳವ್ವಾ. ನಿಮ್ಮವ್ವಗ ಜಾಗಾ ಬಿಡು. ಮುಂಜಾನಿಂದ ಏನೋ ಕೂಡಿಟ್ಟಾಳ, ಇನ್ನೂ ಹೇಳೂದ ಮುಗದಿಲ್ಲ" ಅಂದ.

ದಾನೇಶ್ವರಿ ಎದ್ದು ಗೋಡೆಗೆ ಒರಗಿದಳು. ಕಾಶವ್ವ ಮಂಚದ ಕಾಲು ಹಿಡಿದು, ಒಂದು ಮೊಣಕೈ ಊರಿ, ಹಲ್ಲು ಕಚ್ಚಿ ನಿಧಾನಕ್ಕೆ ಮಗ್ಗುಲಾದಳು. ತುಟಿ ಆಡಿದವು. ಮಗ್ಗದ ಮನೆಯ ಮಗಳಿಗೂ ಅದು ಓದಲು ಬರುತ್ತಿತ್ತು.

"ನೂಲಿನ ಗಂಟಿನ ಹಿಂದ ಬೆಕ್ಕು ಮರಿ ಹಾಕೈತ್ರಿ."

ಇಷ್ಟೇ. ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸುವುದರೊಳಗೆ ಆಡಿ ಮುಗಿಸುವ ಮಾತು. ದುಂಡಪ್ಪನ ಮುಖ ಅರಳಿತು. ಅವನು ತಲೆಯಾಡಿಸಿದ್ದನ್ನು ಕಂಡು, ಸುದ್ದಿ ಮುಟ್ಟಿತೆಂದು ಕಾಶವ್ವ ಮತ್ತೆ ಮೊಣಕೈ ಊರಿ, ಸೊಂಟದ ಮೇಲೆ ಕೈಯಿಟ್ಟು ಎದ್ದು ಕೂತಳು. ಕಾಲು ನೆಲಕ್ಕೆ ಇಳಿಬಿಟ್ಟಳು.

"ಹೌದಾ? ಯಾವ ಬಣ್ಣದ್ದು?" ಅಂದ ದುಂಡಪ್ಪ.

ಕಾಶವ್ವ ಕಾಲು ಮೇಲೆತ್ತಿಕೊಂಡು ಮತ್ತೆ ಮಲಗಿದಳು.